ಮೂರು ವರ್ಷದ ಅನುದಾನಕ್ಕೆ ಸಿಗದ ಉತ್ತರಗಳು

ಆತ್ಮಹತ್ಯೆ ತಡೆಯ ಸಂಶೋಧನೆಗೆ ನಮ್ಮಲ್ಲಿ ಹಣ ಸಿಗುವುದೇ ಕಡಿಮೆ ಎಂಬ ಮಾತನ್ನು ಈ ಕ್ಷೇತ್ರದವರೆಲ್ಲ ಆಡುತ್ತಾರೆ, ಅದು ನಿಜವೂ ಹೌದು. ಸಾರ್ವಜನಿಕ ಆರೋಗ್ಯದ ಕೆಲಸದಲ್ಲಿ ಹಲವು ವರ್ಷ ಕಳೆದು, ಪ್ರಪೋಸಲ್‌ಗಳನ್ನು ಬರೆದು, ಬೇರೆಯವರ ಪ್ರಪೋಸಲ್‌ಗಳನ್ನು ಓದಿ ಅಭಿಪ್ರಾಯ ಕೊಟ್ಟ ನನಗೆ ಮೊತ್ತಕ್ಕಿಂತ ಹೆಚ್ಚಿನ ಕಳವಳ ಹುಟ್ಟಿಸಿರುವುದು ಆ ಹಣ ಬರುವ ರೀತಿ. ಒಂದು ಸಂಶೋಧನಾ ಅನುದಾನದ ಅವಧಿ ಸಾಮಾನ್ಯವಾಗಿ ಮೂರು ವರ್ಷ. ಮೊದಲ ವರ್ಷದ ಬಹುಪಾಲು ಎಥಿಕ್ಸ್ ಕಮಿಟಿಯ (ಸಂಶೋಧನೆಯಲ್ಲಿ ಭಾಗವಹಿಸುವವರ ಹಿತ ಕಾಯುವ ಸಮಿತಿಯ) ಒಪ್ಪಿಗೆ, ಸಿಬ್ಬಂದಿ ನೇಮಕ, ತರಬೇತಿ, ಜಿಲ್ಲಾ ಆರೋಗ್ಯಾಧಿಕಾರಿಗಳ ಅನುಮತಿ ಪತ್ರ ಇವುಗಳಲ್ಲಿ ಹೋಗುತ್ತದೆ. ಕೊನೆಯ ಆರು ತಿಂಗಳು ವರದಿ ಬರೆಯುವುದರಲ್ಲಿ ಮತ್ತು ಲೆಕ್ಕ ಒಪ್ಪಿಸುವುದರಲ್ಲಿ ಹೋಗುತ್ತದೆ. ನಡುವೆ ಉಳಿಯುವ ಒಂದೂವರೆ ವರ್ಷದಲ್ಲಿ, ಕೈಗೆಟುಕುವ ಎರಡೋ ಮೂರೋ ಆಸ್ಪತ್ರೆಗಳಲ್ಲಿ ಅಥವಾ ಒಂದು ತಾಲ್ಲೂಕಿನಲ್ಲಿ, ಜೀವಗಳು ಉಳಿದವೇ ಎಂಬ ಪ್ರಶ್ನೆಗೆ ಉತ್ತರ ಕೊಡಿ ಎಂದು ಅನುದಾನ ಕೊಡುವವರು ಕೇಳುತ್ತಾರೆ. ಆ ಪ್ರಶ್ನೆಗೆ ಆ ಅವಧಿಯಲ್ಲಿ ಉತ್ತರ ಸಿಗುವುದು ಸಾಧ್ಯವಿಲ್ಲ.

ಏಕೆ ಸಾಧ್ಯವಿಲ್ಲ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ಸತ್ತರು. ಅಂದರೆ ಒಂದು ಲಕ್ಷ ಜನಸಂಖ್ಯೆಗೆ 12.4. ಕರ್ನಾಟಕದಲ್ಲಿ ಆ ವರ್ಷ ದಾಖಲಾದ ಸಾವುಗಳು 13,606. ಒಂದೊಂದು ಮನೆಯ ಕಡೆಯಿಂದ ನೋಡಿದರೆ ಇದು ಸಹಿಸಲಾಗದ ಸಂಖ್ಯೆ, ಆದರೆ ಸಂಖ್ಯಾಶಾಸ್ತ್ರಕ್ಕೆ ಆತ್ಮಹತ್ಯೆ ಒಂದು ವಿರಳ ಘಟನೆ. ಎರಡೂವರೆ ಲಕ್ಷ ಜನರಿರುವ ತಾಲ್ಲೂಕಿನಲ್ಲಿ, ರಾಷ್ಟ್ರೀಯ ಸರಾಸರಿಯ ಪ್ರಕಾರ, ವರ್ಷಕ್ಕೆ 31 ಸಾವುಗಳಾಗುತ್ತವೆ. ಯಾವ ಕಾರ್ಯಕ್ರಮವೂ ಇಲ್ಲದೆ, ಬರೀ ಆಕಸ್ಮಿಕ ಏರಿಳಿತದಿಂದಲೇ ಆ ಸಂಖ್ಯೆ ಒಂದು ವರ್ಷ 25ಕ್ಕೆ ಇಳಿದು ಮರುವರ್ಷ 37ಕ್ಕೆ ಏರಬಹುದು. ಹೀಗಿರುವಾಗ ನಮ್ಮ ಕಾರ್ಯಕ್ರಮದಿಂದ ಆರು ಜೀವಗಳು ಉಳಿದವು ಎಂದು ಯಾವ ಧೈರ್ಯದಿಂದ ಬರೆಯುವುದು? ಎರಡು ಗುಂಪುಗಳನ್ನು ಹೋಲಿಸುವ ಪ್ರಯೋಗದಲ್ಲಿ, ಸಾವುಗಳನ್ನು ಅರ್ಧಕ್ಕೆ ಇಳಿಸುವಷ್ಟು ಪರಿಣಾಮಕಾರಿಯಾದ ಉಪಾಯ ನಮ್ಮ ಕೈಲಿದ್ದರೂ ಅದನ್ನು ತಕ್ಕಮಟ್ಟಿನ ಭರವಸೆಯಿಂದ ತೋರಿಸಲು ಪ್ರತಿ ಗುಂಪಿನಲ್ಲಿ ಸುಮಾರು 3.8 ಲಕ್ಷ ಜನರನ್ನು ಒಂದು ವರ್ಷ ಗಮನಿಸಬೇಕು. ಉಪಾಯವು ಸಾವುಗಳನ್ನು ಶೇ. 10ರಷ್ಟು ಮಾತ್ರ ಕಡಿಮೆ ಮಾಡುವಂಥದ್ದಾದರೆ ಪ್ರತಿ ಗುಂಪಿಗೆ ಸುಮಾರು 1.2 ಕೋಟಿ ಜನ ಬೇಕು. ಹಳ್ಳಿಗಳನ್ನೇ ಘಟಕವಾಗಿ ಹಂಚಿ ಪ್ರಯೋಗ ಮಾಡಿದರೆ ಈ ಸಂಖ್ಯೆಗಳು ಇನ್ನೂ ದೊಡ್ಡದಾಗುತ್ತವೆ.

ಇದರಿಂದಾಗಿಯೇ ಹೆಚ್ಚಿನ ಸಂಶೋಧನೆಗಳು ಸಾವಿನ ಬದಲು ಬೇರೆ ಏನನ್ನಾದರೂ ಅಳೆಯುತ್ತವೆ. ಪ್ರಶ್ನಾವಳಿಯಲ್ಲಿ ಸಾಯುವ ಆಲೋಚನೆಯ ಅಂಕ ಎಷ್ಟು ಇಳಿಯಿತು, ತರಬೇತಿ ಪಡೆದ ಶಿಕ್ಷಕರ ತಿಳಿವಳಿಕೆ ಎಷ್ಟು ಹೆಚ್ಚಿತು, ಎಷ್ಟು ಮಂದಿ ಮನೋವೈದ್ಯರನ್ನು ಕಂಡರು ಇತ್ಯಾದಿ. ಇವು ಉಪಯೋಗವಿಲ್ಲದ ಅಳತೆಗಳಲ್ಲ. ಆದರೆ ಶಿಕ್ಷಕರ ತಿಳಿವಳಿಕೆ ಹೆಚ್ಚಿದ ಶಾಲೆಯಲ್ಲಿ ಮಕ್ಕಳ ಸಾವು ಕಡಿಮೆಯಾಯಿತೇ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ, ಅನುದಾನ ಮಾತ್ರ ಮುಗಿದಿರುತ್ತದೆ. ಮುಂದಿನ ತಂಡ ಮುಂದಿನ ಮೂರು ವರ್ಷದ ಅನುದಾನದಲ್ಲಿ ಮತ್ತೆ ತಿಳಿವಳಿಕೆಯನ್ನೇ ಅಳೆಯುತ್ತದೆ.

ಸಣ್ಣ ಹಣದಿಂದ ದೊಡ್ಡ ಉತ್ತರ ಸಿಕ್ಕ ಉದಾಹರಣೆಯೂ ಇದೆ, ಅದು ನಮ್ಮ ನೆರೆಯ ಚೆನ್ನೈ ನಗರಕ್ಕೂ ಸೇರಿದ್ದು. ವಿಶ್ವ ಆರೋಗ್ಯ ಸಂಸ್ಥೆ ಬ್ರೆಜಿಲ್, ಭಾರತ, ಶ್ರೀಲಂಕಾ, ಇರಾನ್ ಮತ್ತು ಚೀನಾದ ಒಂದೊಂದು ಊರಿನಲ್ಲಿ ನಡೆಸಿದ ಪ್ರಯೋಗವೊಂದರ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಭಾರತದ ಕೇಂದ್ರ ಚೆನ್ನೈ. ಅಲ್ಲಿ ಈ ಕೆಲಸವನ್ನು ಮುನ್ನಡೆಸಿದವರು, 1986ರಲ್ಲಿ ಆತ್ಮಹತ್ಯೆ ತಡೆಗಾಗಿ ಸ್ನೇಹಾ ಎಂಬ ಸಂಸ್ಥೆಯನ್ನು ಕಟ್ಟಿದ ಮನೋವೈದ್ಯೆ ಡಾ. ಲಕ್ಷ್ಮೀ ವಿಜಯಕುಮಾರ್. ಆತ್ಮಹತ್ಯೆಗೆ ಯತ್ನಿಸಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದ 1,867 ಮಂದಿಯನ್ನು ಈ ಪ್ರಯೋಗಕ್ಕೆ ಸೇರಿಸಿಕೊಂಡು, ಅರ್ಧದಷ್ಟು ಮಂದಿಗೆ ಆಸ್ಪತ್ರೆಯ ಎಂದಿನ ಚಿಕಿತ್ಸೆ ಮಾತ್ರ ಸಿಗುವಂತೆ ಮಾಡಲಾಯಿತು. ಉಳಿದವರಿಗೆ ಆ ಚಿಕಿತ್ಸೆಯ ಜೊತೆಗೆ ಬಿಡುಗಡೆಯ ಹೊತ್ತಿನಲ್ಲಿ ಸುಮಾರು ಒಂದು ಗಂಟೆಯ ಮಾತುಕತೆ, ಆಮೇಲೆ ಒಂದೂವರೆ ವರ್ಷದಲ್ಲಿ ಒಂಬತ್ತು ಸಲ ಫೋನಿನಲ್ಲೋ ಮನೆಗೆ ಹೋಗಿಯೋ ವಿಚಾರಿಸುವುದು, ಇಷ್ಟೇ. ಮೊದಲ ವಾರ, ಎರಡನೆಯ ವಾರ, ನಾಲ್ಕನೆಯ ವಾರ, ಏಳನೆಯ ವಾರ, ಹನ್ನೊಂದನೆಯ ವಾರ, ಆಮೇಲೆ ನಾಲ್ಕು, ಆರು, ಹನ್ನೆರಡು, ಹದಿನೆಂಟನೆಯ ತಿಂಗಳು. ಒಂದೂವರೆ ವರ್ಷದ ಕೊನೆಗೆ ಎಂದಿನ ಚಿಕಿತ್ಸೆಯ ಗುಂಪಿನಲ್ಲಿ ಶೇ. 2.2ರಷ್ಟು ಮಂದಿ ಆತ್ಮಹತ್ಯೆಯಿಂದ ಸತ್ತಿದ್ದರೆ, ಹೀಗೆ ವಿಚಾರಿಸಿಕೊಳ್ಳಲಾದ ಗುಂಪಿನಲ್ಲಿ ಆ ಪ್ರಮಾಣ ಶೇ. 0.2 ಆಗಿತ್ತು.

ಈ ಪ್ರಯೋಗ ಗೆದ್ದದ್ದು ಎರಡು ಕಾರಣಗಳಿಂದ. ಇಡೀ ಜನಸಂಖ್ಯೆಯ ಬದಲು ಅತಿ ಹೆಚ್ಚು ಅಪಾಯದಲ್ಲಿರುವವರನ್ನು ಮಾತ್ರ ಆರಿಸಿಕೊಂಡದ್ದರಿಂದ ಸಂಖ್ಯೆ ಕೈಮೀರಲಿಲ್ಲ ಎಂಬುದು ಒಂದು. ಐದು ದೇಶಗಳ ತಂಡಗಳನ್ನು ಒಂದೇ ವಿಧಾನಕ್ಕೆ ಒಳಪಡಿಸಿ, ಪ್ರತಿಯೊಬ್ಬರನ್ನೂ ಹದಿನೆಂಟು ತಿಂಗಳು ಬಿಡದೆ ಹಿಂಬಾಲಿಸುವ ವ್ಯವಸ್ಥೆ ಇತ್ತು ಎಂಬುದು ಇನ್ನೊಂದು. ಎರಡನೆಯದನ್ನು ನಾನು ಹೆಚ್ಚು ಒತ್ತಿ ಹೇಳುತ್ತೇನೆ. ಕೊನೆಯ ರೋಗಿಯನ್ನು ಸೇರಿಸಿಕೊಂಡ ದಿನದಿಂದ ಹದಿನೆಂಟು ತಿಂಗಳು ಕಾಯಬೇಕೆಂದರೆ, ನಮ್ಮ ಸಾಮಾನ್ಯ ಮೂರು ವರ್ಷದ ಲೆಕ್ಕದಲ್ಲಿ ರೋಗಿಗಳನ್ನು ಸೇರಿಸಿಕೊಳ್ಳಲು ಉಳಿಯುವುದು ಕೆಲವೇ ತಿಂಗಳು. ಅಲ್ಲದೆ ಇಂಥ ಪ್ರಯೋಗ ಒಂದು ಸಲ ಗೆದ್ದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಆ ಒಂಬತ್ತು ಕರೆಗಳನ್ನು ಮಾಡುವವರು ಯಾರು, ಫೋನ್ ನಂಬರು ಗಂಡನದ್ದೋ ಮಾವನದ್ದೋ ಆಗಿದ್ದಾಗ ಸೊಸೆಯ ಜೊತೆ ಮಾತನಾಡುವುದು ಹೇಗೆ, ಹೊಲದ ಕೆಲಸಕ್ಕೆ ಬೇರೆ ಊರಿಗೆ ಹೋದವರನ್ನು ಹುಡುಕುವುದು ಹೇಗೆ ಎಂಬುವು ಪ್ರತ್ಯೇಕ ಸಂಶೋಧನೆಯನ್ನೇ ಕೇಳುವ ಪ್ರಶ್ನೆಗಳು. ಹೊಸ ಉಪಾಯವನ್ನು ಕಂಡುಹಿಡಿಯುತ್ತೇವೆ ಎನ್ನುವ ಪ್ರಪೋಸಲ್‌ಗೆ ಸಿಗುವ ಗೌರವ, ಗೆದ್ದಿರುವ ಉಪಾಯವನ್ನು ಇಲ್ಲಿ ನಡೆಸಿ ತೋರಿಸುತ್ತೇವೆ ಎನ್ನುವ ಪ್ರಪೋಸಲ್‌ಗೆ ಪರಿಶೀಲನಾ ಸಮಿತಿಗಳಲ್ಲಿ ಸಿಗುವುದನ್ನು ನಾನು ಕಂಡಿಲ್ಲ. ‘ಇದರಲ್ಲಿ ಹೊಸದೇನಿದೆ’ ಎಂಬ ಟಿಪ್ಪಣಿ ಬರೆಯುವುದು ಬಹಳ ಸುಲಭ.

ದೊಡ್ಡ ಪ್ರಯೋಗಕ್ಕೆ ದೊಡ್ಡ ಹಣ ಏಕೆ ಬೇಕು ಎಂಬುದಕ್ಕೆ ಕೀಟನಾಶಕಗಳ ದಾಸ್ತಾನಿನ ಪ್ರಸಂಗವನ್ನು ನೋಡಬೇಕು. ಗ್ರಾಮೀಣ ಏಷ್ಯಾದಲ್ಲಿ ಮನೆಯಲ್ಲಿ ಸುಲಭವಾಗಿ ಸಿಗುವ ಕೃಷಿ ವಿಷ, ಕ್ಷಣದ ಸಂಕಟವನ್ನು ಸಾವಾಗಿ ಮಾರ್ಪಡಿಸುತ್ತದೆ. ಆ ಕ್ಷಣಕ್ಕೆ ಅದು ಕೈಗೆ ಸಿಗದಿದ್ದರೆ ಎಷ್ಟೋ ಮಂದಿ ಬದುಕುತ್ತಾರೆ ಎಂಬುದು ಬಲವಾದ ತಿಳಿವಳಿಕೆ. ತಮಿಳುನಾಡಿನ ಕಡಲೂರು ಜಿಲ್ಲೆಯ ಕಾಟ್ಟುಮನ್ನಾರ್‌ಕೋಯಿಲ್ ಸುತ್ತಲಿನ ಕೆಲವೇ ಹಳ್ಳಿಗಳಲ್ಲಿ, ರೈತರ ಕೀಟನಾಶಕಗಳನ್ನು ಮನೆಯಿಂದ ಹೊರಗೆ ಒಂದು ಸಾಮೂಹಿಕ ಕೋಣೆಯಲ್ಲಿ ಬೀಗ ಹಾಕಿ ಇಡುವ ಅಧ್ಯಯನ ನಡೆದು, ಅದರ ಆಶಾದಾಯಕ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಬೀಗದ ಉಪಾಯ ಸಹಜವಾಗಿಯೇ ಎಲ್ಲರಿಗೂ ಹಿಡಿಸುವಂಥದ್ದು. ಶ್ರೀಲಂಕಾದ ಉತ್ತರ ಮಧ್ಯ ಪ್ರಾಂತ್ಯದಲ್ಲಿ ಇದರ ಇನ್ನೊಂದು ರೂಪವನ್ನು, ಅಂದರೆ ಪ್ರತಿ ಮನೆಗೂ ಬೀಗ ಹಾಕುವ ಪೆಟ್ಟಿಗೆ ಕೊಡುವುದನ್ನು, 180 ಹಳ್ಳಿಗಳ 53,000ಕ್ಕೂ ಹೆಚ್ಚು ಮನೆಗಳಲ್ಲಿ ಪರೀಕ್ಷಿಸಲಾಯಿತು. ಮುಖ್ಯವಾಗಿ ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಹಣ ಕೊಟ್ಟ ಆ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು: ಮನೆಯೊಳಗಿನ ಪೆಟ್ಟಿಗೆಯಿಂದ ವಿಷಸೇವನೆಯ ಪ್ರಕರಣಗಳು ಕಡಿಮೆಯಾಗಲಿಲ್ಲ.

ಈ ‘ಇಲ್ಲ’ ಎಂಬ ಉತ್ತರ ನನಗೆ ಅತ್ಯಂತ ಬೆಲೆಬಾಳುವ ಉತ್ತರವಾಗಿ ಕಾಣುತ್ತದೆ. ಆ ಪ್ರಯೋಗ ನಡೆಯದೇ ಹೋಗಿದ್ದರೆ ಸರ್ಕಾರಗಳು, ದಾನಿಗಳು, ಕಂಪನಿಗಳು ಊರೂರಿಗೂ ಪೆಟ್ಟಿಗೆ ಹಂಚಿ, ಫೋಟೋ ತೆಗೆಸಿಕೊಂಡು, ಕೆಲಸವಾಯಿತೆಂದು ನಂಬಿ ಕೂರುವ ಸಾಧ್ಯತೆ ಇತ್ತು. ಅದೇ ಶ್ರೀಲಂಕಾದಲ್ಲಿ 1995ರಿಂದ ಹಂತ ಹಂತವಾಗಿ ಅತಿ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಿದ ಕ್ರಮ, ಆ ದೇಶದ ಆತ್ಮಹತ್ಯೆಯ ಪ್ರಮಾಣವನ್ನು ಎರಡು ದಶಕಗಳಲ್ಲಿ ಸುಮಾರು ಶೇ. 70ರಷ್ಟು ಇಳಿಸಿತು, 1995ರಿಂದ 2015ರವರೆಗೆ ಸುಮಾರು 93,000 ಜೀವಗಳು ಉಳಿದವೆಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಹಲವು ದಶಕಗಳ ಸಾವಿನ ದಾಖಲೆ ಆ ದೇಶದಲ್ಲಿ ಅಚ್ಚುಕಟ್ಟಾಗಿ ಇದ್ದದ್ದರಿಂದ ಮಾತ್ರ ಈ ಇಳಿಕೆ ಕಣ್ಣಿಗೆ ಬಿತ್ತು. ಈ ಅರಿವನ್ನು ಬೇರೆ ದೇಶಗಳಿಗೆ ಒಯ್ಯಲು ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಪ್ರೊ. ಮೈಕೆಲ್ ಎಡಲ್‌ಸ್ಟನ್ ನೇತೃತ್ವದ ಒಂದು ಕೇಂದ್ರ ಹುಟ್ಟಿಕೊಂಡದ್ದು, 2017ರಲ್ಲಿ, ದಾನದ ಹಣ ಎಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆಂದು ಲೆಕ್ಕ ಹಾಕುವ ಅಮೆರಿಕದ ಗಿವ್‌ವೆಲ್ ಸಂಸ್ಥೆಯ ಶಿಫಾರಸಿನ ಮೇಲೆ ಸಿಕ್ಕ ಸುಮಾರು 13 ಲಕ್ಷ ಡಾಲರ್ ಅನುದಾನದ ಬಲದಿಂದ. ಭಾರತವೂ 2018ರ ಆಗಸ್ಟ್‌ನಲ್ಲಿ 18 ಕೀಟನಾಶಕಗಳನ್ನು, ಕೆಲವನ್ನು ಕೂಡಲೇ, ಕೆಲವನ್ನು 2020ರ ಕೊನೆಯಿಂದ, ನಿಷೇಧಿಸುವ ಆದೇಶ ಹೊರಡಿಸಿತು. ಈ ನಿಷೇಧದಿಂದ ರಾಯಚೂರಿನಲ್ಲಿ, ಹಾವೇರಿಯಲ್ಲಿ ಎಷ್ಟು ಜೀವ ಉಳಿದವು ಎಂದು ತಾಲ್ಲೂಕುವಾರು ಹೇಳಬಲ್ಲ ದಾಖಲೆ ನಮ್ಮಲ್ಲಿ ಇರಬೇಕಿತ್ತು.

ದಾಖಲೆಯ ಮಾತು ಬಂದದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಅನುದಾನದ ಎಲ್ಲ ಮಾತೂ ಕೊನೆಗೆ ಇಲ್ಲಿಗೇ ಬರುತ್ತದೆ. 2016ರ ಆತ್ಮಹತ್ಯೆಗಳಿಗೆ, ಪೊಲೀಸ್ ದಾಖಲೆಯನ್ನು ಆಧರಿಸಿದ ಅಪರಾಧ ದಾಖಲೆಗಳ ಬ್ಯೂರೋ ಕೊಟ್ಟ ಸಂಖ್ಯೆ 1,31,008. ಅದೇ ವರ್ಷಕ್ಕೆ, 2018ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು 2,30,314. ನಡುವೆ ಸುಮಾರು ಒಂದು ಲಕ್ಷ ಸಾವುಗಳ ಅಂತರ. ತಾಲ್ಲೂಕು ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಎಂ.ಎಲ್‌.ಸಿ. ರಿಜಿಸ್ಟರ್ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣಗಳ ಪುಸ್ತಕ) ತೆರೆದು ನೋಡಿದವರಿಗೆ ಈ ಅಂತರ ಹೇಗೆ ಹುಟ್ಟುತ್ತದೆ ಎಂಬುದು ಗೊತ್ತಾಗುತ್ತದೆ. ಮೂಲೆ ಮಡಚಿದ ಉದ್ದನೆಯ ಪುಸ್ತಕ, ಕೈಬರಹ, ‘ಔಷಧಿ ಹೊಡೆಯುವಾಗ ಆಕಸ್ಮಿಕವಾಗಿ’, ‘ನೀರೆಂದು ತಿಳಿದು’, ‘ಹೊಟ್ಟೆನೋವು ತಾಳಲಾರದೆ’ ಎಂಬ ಸಾಲುಗಳು. ರೋಗಿಯನ್ನು ಕರೆತಂದ ಮನೆಯವರು ಹೇಳಿದ್ದನ್ನು ಡ್ಯೂಟಿ ಡಾಕ್ಟರು ಬರೆದಿರುತ್ತಾರೆ. ಪೊಲೀಸ್ ಕೇಸಿನ ಭಯ, ಮನೆಯ ಹೆಣ್ಣುಮಕ್ಕಳ ಮದುವೆಯ ಚಿಂತೆ, ವಿಮೆಯ ಚಿಂತೆ ಇವೆಲ್ಲ ಆ ಒಂದು ಸಾಲಿನ ಹಿಂದೆ ಇರುತ್ತವೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 115ನೇ ಸೆಕ್ಷನ್, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಅವರನ್ನು ಶಿಕ್ಷೆಗೆ ಗುರಿಪಡಿಸಬಾರದೆಂದು ಹೇಳಿದ್ದರೂ ಆ ಭಯ ಹಳ್ಳಿಗಳಲ್ಲಿ ಇನ್ನೂ ಹೋಗಿಲ್ಲ. ಇದಲ್ಲದೆ ಬ್ಯೂರೋದ 2023ರ ವರದಿ ನಮ್ಮ ಕೈಗೆ ಬಂದದ್ದು 2025ರಲ್ಲಿ. ಎರಡು ವರ್ಷ ಹಳೆಯ, ಜಿಲ್ಲೆಯ ಕೆಳಗೆ ಇಳಿಯದ ಅಂಕಿಅಂಶಗಳನ್ನು ಇಟ್ಟುಕೊಂಡು ಯಾವ ತಡೆ ಕ್ರಮದ ಪರಿಣಾಮವನ್ನೂ ಅಳೆಯಲಾಗದು.

ಕೇಂದ್ರ ಆರೋಗ್ಯ ಸಚಿವಾಲಯ 2022ರ ನವೆಂಬರ್ 21ರಂದು ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯತಂತ್ರವನ್ನು ಪ್ರಕಟಿಸಿತು. 2030ರ ಹೊತ್ತಿಗೆ ಆತ್ಮಹತ್ಯೆಯಿಂದಾಗುವ ಸಾವುಗಳನ್ನು ಶೇ. 10ರಷ್ಟು ಇಳಿಸುವುದು ಅದರ ಗುರಿ. ಮೂರು ವರ್ಷದೊಳಗೆ ಪರಿಣಾಮಕಾರಿ ನಿಗಾ ವ್ಯವಸ್ಥೆಯನ್ನು, ಅಂದರೆ ಆತ್ಮಹತ್ಯೆಗಳನ್ನು ನಿರಂತರವಾಗಿ ದಾಖಲಿಸುವ ವ್ಯವಸ್ಥೆಯನ್ನು, ಸ್ಥಾಪಿಸಬೇಕೆಂದು ಅದು ಹೇಳಿತ್ತು. ಒಂದು ರಾಷ್ಟ್ರೀಯ ದಾಖಲೆಯಾಗಿ ನಾನು ಅದನ್ನು ಮನಸಾರೆ ಸ್ವಾಗತಿಸಿದವನು. ಆದರೆ ಕೇಂದ್ರ ಬಜೆಟ್‌ನಲ್ಲಿ ಆತ್ಮಹತ್ಯೆ ತಡೆ ಸಂಶೋಧನೆ ಎಂಬ ಪ್ರತ್ಯೇಕ ಲೆಕ್ಕಶೀರ್ಷಿಕೆ ಇಲ್ಲ. ಮೇಲೆ ಹೇಳಿದ 1.2 ಕೋಟಿ ಜನರ ಲೆಕ್ಕವನ್ನು ಈ ಗುರಿಯ ಪಕ್ಕದಲ್ಲಿಟ್ಟು ನೋಡಿದರೆ, ಶೇ. 10ರ ಇಳಿಕೆಯನ್ನು ಯಾವ ಒಂದು ಕಾಲೇಜಿನ ಪ್ರಾಜೆಕ್ಟೂ ಸಾಬೀತುಪಡಿಸಲಾರದು, ಒಂದು ಇಡೀ ರಾಜ್ಯ ಮಾತ್ರ ಸಾಬೀತುಪಡಿಸಬಲ್ಲದು ಎಂಬುದು ತಿಳಿಯುತ್ತದೆ. ಕರ್ನಾಟಕದಷ್ಟು ದೊಡ್ಡ ರಾಜ್ಯದಲ್ಲಿ ವರ್ಷಕ್ಕೆ 13,000 ಸಾವುಗಳಲ್ಲಿ 1,300 ಕಡಿಮೆಯಾದರೆ ಅದು ಆಕಸ್ಮಿಕ ಏರಿಳಿತವಲ್ಲ ಎಂದು ನಿಸ್ಸಂದೇಹವಾಗಿ ಹೇಳಬಹುದು, ದಾಖಲಿಸುವ ಕ್ರಮ ವರ್ಷದಿಂದ ವರ್ಷಕ್ಕೆ ಒಂದೇ ಆಗಿದ್ದರೆ. ಇನ್ನೊಂದು ಸೂಕ್ಷ್ಮವೂ ಇದೆ. ನಿಗಾ ವ್ಯವಸ್ಥೆಗೆ ಹಣ ಕೊಟ್ಟು ದಾಖಲೆ ಸುಧಾರಿಸಿದ ಮೊದಲ ಕೆಲವು ವರ್ಷ ಸಂಖ್ಯೆ ಏರಿಯೇ ಏರುತ್ತದೆ, ಏಕೆಂದರೆ ಇದುವರೆಗೆ ಮುಚ್ಚಿಹೋಗಿದ್ದ ಸಾವುಗಳು ಲೆಕ್ಕಕ್ಕೆ ಬರುತ್ತವೆ. ಹಣ ಕೊಟ್ಟವರು ಇದನ್ನು ಮೊದಲೇ ತಿಳಿದಿರದಿದ್ದರೆ ಒಳ್ಳೆಯ ಕೆಲಸಕ್ಕೆ ವಿಫಲತೆಯ ಹಣೆಪಟ್ಟಿ ಬೀಳುತ್ತದೆ.

ಹಾಗಾದರೆ ಈಗ ಹಣ ಎಲ್ಲಿಂದ ಬರುತ್ತಿದೆ? ಭಾರತದಲ್ಲಿ ನಡೆದಿರುವ ದೊಡ್ಡ ಪ್ರಯೋಗಗಳಲ್ಲಿ ಒಂದಾದ, ಗುಜರಾತಿನ ಮೆಹಸಾಣಾ ಜಿಲ್ಲೆಯ 116 ಹಳ್ಳಿಗಳ ಪ್ರಯೋಗವನ್ನು ನೋಡೋಣ. ಶಾಲಾ ಮಕ್ಕಳಿಗೆ ಮಾನಸಿಕ ಆರೋಗ್ಯದ ಪಾಠ, ಕೀಟನಾಶಕಗಳ ಸಾಮೂಹಿಕ ದಾಸ್ತಾನು, ಆರೋಗ್ಯ ಕಾರ್ಯಕರ್ತೆಯರ ತರಬೇತಿ ಎಂಬ ಮೂರನ್ನೂ ಒಟ್ಟಿಗೆ ಪರೀಕ್ಷಿಸಲು ಹೊರಟ ಅದನ್ನು ಪುಣೆಯ ಇಂಡಿಯನ್ ಲಾ ಸೊಸೈಟಿಯ ಡಾ. ಸೌಮಿತ್ರ ಪಠಾರೆ ಅವರ ತಂಡ ಮುನ್ನಡೆಸಿತು. ಹಣ ಕೊಟ್ಟದ್ದು ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ. ಹಣ ಕೊಟ್ಟವರಿಗೆ ನಾವು ಕೃತಜ್ಞರಾಗಿರಬೇಕು, ಇದರಲ್ಲಿ ಎರಡು ಮಾತಿಲ್ಲ. ಆದರೆ ವಿದೇಶಿ ಹಣದಿಂದ ಆರೋಗ್ಯ ಸಂಶೋಧನೆ ನಡೆಸಲು ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆ ಬೇಕು; ಸಂಸ್ಥೆ ಸರ್ಕಾರೇತರವಾಗಿದ್ದರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಬೇಕು. ಆ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿ, ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವುದನ್ನು ಪೂರ್ತಿಯಾಗಿ ನಿಲ್ಲಿಸಿತು, ಆಡಳಿತ ವೆಚ್ಚವನ್ನು ಶೇ. 20ಕ್ಕೆ ಮಿತಿಗೊಳಿಸಿತು. ನಗರದ ದೊಡ್ಡ ಸಂಸ್ಥೆಯೊಂದು ಅನುದಾನ ಪಡೆದು, ಹಳ್ಳಿಯಲ್ಲಿ ಜನರ ವಿಶ್ವಾಸ ಗಳಿಸಿರುವ ಸಣ್ಣ ಸಂಸ್ಥೆಯೊಂದಕ್ಕೆ ಅದರಲ್ಲಿ ಪಾಲು ಕೊಟ್ಟು ಕೆಲಸ ಮಾಡಿಸುವ ದಾರಿ ಅಲ್ಲಿಗೆ ಮುಚ್ಚಿತು. ಇತ್ತ 2025ರ ಮೇ 1ರಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು (ಮೇಲೆ ಹೇಳಿದ ಮಾನಸಿಕ ಆರೋಗ್ಯ ಸಂಸ್ಥೆಯೂ ಇವುಗಳಲ್ಲಿ ಒಂದು), ಅಮೆರಿಕದ ವಿಶ್ವವಿದ್ಯಾಲಯಗಳ ಮೂಲಕ ವಿದೇಶಿ ಸಂಸ್ಥೆಗಳಿಗೆ ಹರಿಯುವ ಉಪ ಅನುದಾನಗಳನ್ನು ಹೊಸ ವ್ಯವಸ್ಥೆ ಬರುವವರೆಗೆ ಕೊಡುವುದಿಲ್ಲವೆಂದು ಪ್ರಕಟಿಸಿದವು. ನಮ್ಮ ಊರಿನ ಸಾವುಗಳನ್ನು ತಡೆಯುವ ಸಂಶೋಧನೆ, ವಾಷಿಂಗ್ಟನ್ನಿನ ಒಂದು ಸುತ್ತೋಲೆಯಿಂದ ಅಲುಗಾಡುವಂತಿರಬಾರದು.

ನಮ್ಮದೇ ಹಣದಿಂದ ಇಂಥ ಕೆಲಸ ಆಗುವುದಿಲ್ಲವೆಂದು ಹೇಳುವವರಿಗೆ ಬಳ್ಳಾರಿಯನ್ನು ನೆನಪಿಸಬೇಕು. ಬೆಂಗಳೂರಿನ ನಿಮ್ಹಾನ್ಸ್ 1970ರ ದಶಕದ ನಡುವಿನಲ್ಲಿ, ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರವನ್ನು ಆರಂಭಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮತ್ತು ಕಾರ್ಯಕರ್ತರಿಗೆ ತರಬೇತಿ ಕೊಟ್ಟರೆ ಹಳ್ಳಿಯಲ್ಲೇ ಚಿಕಿತ್ಸೆ ಸಾಧ್ಯವೇ ಎಂದು ಪರೀಕ್ಷಿಸಿತು. 1980ರ ದಶಕದಲ್ಲಿ ಅದೇ ವಿಧಾನವನ್ನು ಇಡೀ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿ ನೋಡಲಾಯಿತು, ಮತ್ತು 1996ರಲ್ಲಿ ದೇಶಕ್ಕೆ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು. ಸಕಲವಾರದಿಂದ ದೇಶದ ಕಾರ್ಯಕ್ರಮದವರೆಗೆ ಸುಮಾರು ಇಪ್ಪತ್ತು ವರ್ಷ. ಯಾವ ಮೂರು ವರ್ಷದ ಅನುದಾನವೂ ಆ ದಾರಿಯನ್ನು ಕ್ರಮಿಸುತ್ತಿರಲಿಲ್ಲ. ಸಂಸ್ಥೆಯೊಂದು ತನ್ನ ಕಾಯಂ ಸಿಬ್ಬಂದಿ, ಕಾಯಂ ಹಣದಿಂದ ಹಟ ಹಿಡಿದು ಮಾಡಿದ ಕೆಲಸ ಅದು. ಈಗಲೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ ರಾಷ್ಟ್ರೀಯ ಕೇಂದ್ರ ನಿಮ್ಹಾನ್ಸ್‌ನಲ್ಲೇ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ, 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದಾದ ಈ ಸೇವೆಗೆ ದೇಶಾದ್ಯಂತ 20 ಲಕ್ಷಕ್ಕೂ ಹೆಚ್ಚು ಕರೆಗಳು ಬಂದಿವೆ. ಕರೆ ಮಾಡಿದವರ ಗೋಪ್ಯತೆಯನ್ನು ಕಾಪಾಡಿಕೊಂಡೇ, ಅವರಿಗೆ ಮುಂದೆ ಯಾವ ಚಿಕಿತ್ಸೆ ಸಿಕ್ಕಿತು, ಯಾವ ಜಿಲ್ಲೆಯಲ್ಲಿ ದಾರಿ ತಪ್ಪಿತು ಎಂದು ಹತ್ತು ವರ್ಷ ಅಧ್ಯಯನ ಮಾಡಲು ಇದಕ್ಕಿಂತ ಒಳ್ಳೆಯ ನೆಲ ಇನ್ನೊಂದು ಸಿಗದು.

ಯಾರ ಬಗ್ಗೆ ಸಂಶೋಧನೆ ಆಗುತ್ತದೆ ಎಂಬುದನ್ನೂ ಹಣವೇ ನಿರ್ಧರಿಸುತ್ತದೆ, ಹಣ ಹೆಚ್ಚಾಗಿ ಸುದ್ದಿಯ ಹಿಂದೆ ಹೋಗುತ್ತದೆ. ರೈತರ ಆತ್ಮಹತ್ಯೆ, ಕೋಚಿಂಗ್ ಕೇಂದ್ರಗಳ ವಿದ್ಯಾರ್ಥಿಗಳ ಆತ್ಮಹತ್ಯೆ ಸುದ್ದಿಯಾಗುತ್ತವೆ, ಆಗಲೂ ಬೇಕು. 2022ರಲ್ಲಿ ಕೃಷಿಯನ್ನು ಅವಲಂಬಿಸಿದವರು 11,290 ಮಂದಿ, ವಿದ್ಯಾರ್ಥಿಗಳು 13,044 ಮಂದಿ ಹೀಗೆ ಸತ್ತರು. ಅದೇ ವರ್ಷ ಸತ್ತ ಗೃಹಿಣಿಯರು 25,309 ಮಂದಿ. ಈ ಮೂರನೆಯ ಸಂಖ್ಯೆ ಯಾವ ಟಿವಿ ಚರ್ಚೆಗೂ ವಿಷಯವಾಗುವುದಿಲ್ಲ. ಜಗತ್ತಿನಲ್ಲಿ ಆತ್ಮಹತ್ಯೆಯಿಂದ ಸಾಯುವ ಹೆಂಗಸರಲ್ಲಿ ಶೇ. 36.6ರಷ್ಟು ಮಂದಿ ಭಾರತದವರು ಎಂದು ಮೇಲೆ ಹೇಳಿದ ಲ್ಯಾನ್ಸೆಟ್ ಅಧ್ಯಯನ ತೋರಿಸಿತ್ತು. ನಿಮ್ಹಾನ್ಸ್‌ನ ಡಾ. ಜಿ. ಗುರುರಾಜ್ ಮತ್ತು ಸಂಗಡಿಗರು ಬೆಂಗಳೂರಿನ ಸಾವುಗಳ ಬಗ್ಗೆ 2004ರಲ್ಲಿ ಪ್ರಕಟಿಸಿದ ಅಧ್ಯಯನ, ಮನೆಯೊಳಗಿನ ಹಿಂಸೆ ಇದ್ದಲ್ಲಿ ಅಪಾಯ ಸುಮಾರು ಏಳು ಪಟ್ಟು ಹೆಚ್ಚುತ್ತದೆ, ಕುಡಿತದ ಚಟ ಇದ್ದಲ್ಲಿ ಇನ್ನೂ ಹೆಚ್ಚುತ್ತದೆ ಎಂದು ಹೇಳಿತ್ತು. ಹೀಗಿರುವಾಗ ಕುಡಿತ ಬಿಡಿಸುವ ಕೆಲಸ, ಮನೆಯ ಹಿಂಸೆಯಿಂದ ಹೊರಬರುವ ಹೆಣ್ಣುಮಕ್ಕಳಿಗೆ ಆಸರೆ ಕೊಡುವ ಕೆಲಸ ಇವೂ ಆತ್ಮಹತ್ಯೆ ತಡೆಯ ಸಂಶೋಧನೆಯೇ ಎಂದು ಒಪ್ಪುವ ಅನುದಾನ ಬೇಕು. ಈಗ ಒಂದು ಮನೋವೈದ್ಯಶಾಸ್ತ್ರದ ಬಾಗಿಲಿಗೆ, ಇನ್ನೊಂದು ಮಹಿಳಾ ಕಲ್ಯಾಣದ ಬಾಗಿಲಿಗೆ ಹೋಗುತ್ತದೆ, ಎರಡೂ ಕಡೆ ‘ಇದು ನಮ್ಮ ವ್ಯಾಪ್ತಿಯಲ್ಲ’ ಎನ್ನುತ್ತಾರೆ.

ಬಜೆಟ್ ನಮೂನೆಯಲ್ಲಿ ಎಂದೂ ಕಾಣದ ಒಂದು ಖರ್ಚಿನ ಬಗ್ಗೆ ಹೇಳದೆ ಇರಲಾರೆ. ನಮೂನೆಯಲ್ಲಿ ಸಿಬ್ಬಂದಿ ವೇತನ, ಪ್ರಯಾಣ, ಉಪಕರಣ, ಸಾದಿಲ್ವಾರು, ಸಂಸ್ಥೆಯ ಓವರ್‌ಹೆಡ್ ಎಂಬ ಸಾಲುಗಳಿರುತ್ತವೆ. ಸಾವು ಸಂಭವಿಸಿದ ಮನೆಗೆ ಹೋಗಿ, ಸತ್ತವರ ಕೊನೆಯ ತಿಂಗಳುಗಳ ಬಗ್ಗೆ ಮನೆಯವರನ್ನು ವಿಚಾರಿಸುವ ಕೆಲಸ ಮಾಡುವವರು ಸಾಮಾನ್ಯವಾಗಿ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಮುಗಿಸಿದ, ಇಪ್ಪತ್ತೈದರೊಳಗಿನ ಹುಡುಗ ಹುಡುಗಿಯರು. ಮಂಡ್ಯ ಸೀಮೆಯ ಒಂದು ಮನೆಯಲ್ಲಿ, ಮಗನನ್ನು ಕಳೆದುಕೊಂಡ ತಾಯಿ ನಮ್ಮ ಜೊತೆಗಿದ್ದ ಅಂಥ ಒಬ್ಬ ಹುಡುಗಿಯ ಕೈ ಹಿಡಿದುಕೊಂಡು, ‘ಊರಲ್ಲಿ ಯಾರೂ ಅವನ ಹೆಸ್ರು ಎತ್ತಲ್ಲ ಕಣವ್ವ, ನೀನೊಬ್ಳು ಕೇಳ್ದೆ, ಇನ್ನೊಂದ್ಸಲ ಬಂದೋಗು’ ಎಂದರು. ಪ್ರಶ್ನಾವಳಿಯ ಪ್ರಕಾರ ಆ ಮನೆಗೆ ಒಂದೇ ಭೇಟಿ. ಆ ಹುಡುಗಿ ತನ್ನ ಬಸ್ಸಿನ ಚಾರ್ಜು ತಾನೇ ಕೊಟ್ಟುಕೊಂಡು ಮತ್ತೆ ಹೋದಳು, ಅಷ್ಟು ಹೊತ್ತಿಗೆ ಅವಳಿಗೂ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಎರಡನೆಯ ವರ್ಷದ ಕಂತು ಬರುವುದು ತಡವಾದಾಗ ತಿಂಗಳುಗಟ್ಟಲೆ ಸಂಬಳವಿಲ್ಲದೆ ಕೆಲಸ ಮಾಡಿದವರೂ ಇವರೇ. ಹಣ ಬಳಕೆಯ ಪ್ರಮಾಣಪತ್ರ ಒಪ್ಪಿಗೆಯಾಗದೆ ಮುಂದಿನ ಕಂತು ಬಿಡುಗಡೆಯಾಗದು, ಮಾರ್ಚ್ 31ರೊಳಗೆ ಖರ್ಚಾಗದ ಹಣ ಕೈಬಿಟ್ಟು ಹೋಗುತ್ತದೆ. ಯಂತ್ರ ಕೊಳ್ಳುವ ಪ್ರಾಜೆಕ್ಟಿಗೆ ಈ ನಿಯಮಗಳು ಕಿರಿಕಿರಿ, ಅಷ್ಟೇ. ಆದರೆ ಆರನೆಯ ತಿಂಗಳಲ್ಲಿ ಮತ್ತೆ ಫೋನ್ ಮಾಡುತ್ತೇವೆಂದು ಜೀವಂತ ಮನುಷ್ಯರಿಗೆ ಮಾತು ಕೊಟ್ಟಿರುವ ಪ್ರಾಜೆಕ್ಟಿಗೆ, ಕಂತು ತಪ್ಪುವುದೆಂದರೆ ಮಾತು ತಪ್ಪುವುದು. ಸಿಬ್ಬಂದಿಯ ಮಾನಸಿಕ ಆರೈಕೆಗೆ, ಅನುಭವಿ ಮೇಲ್ವಿಚಾರಕರಿಗೆ, ಸಂದರ್ಶನದ ನಡುವೆ ಯಾರಾದರೂ ಅಪಾಯದಲ್ಲಿರುವುದು ತಿಳಿದಾಗ ಆ ರಾತ್ರಿಯೇ ಅವರನ್ನು ಆಸ್ಪತ್ರೆಗೆ ಕರೆದೊಯ್ಯುವ ವಾಹನಕ್ಕೆ, ಪ್ರಾಜೆಕ್ಟ್ ಮುಗಿದ ಮೇಲೂ ಒಂದು ವರ್ಷ ಫೋನ್ ಎತ್ತುವವರಿಗೆ ಹಣವಿಲ್ಲದ ಪ್ರಪೋಸಲ್‌ಗಳನ್ನು ಎಥಿಕ್ಸ್ ಕಮಿಟಿಗಳೇ ತಿರಸ್ಕರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

2023ರಲ್ಲಿ ಕಾಯ್ದೆಯಾದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷದಲ್ಲಿ 50,000 ಕೋಟಿ ರೂಪಾಯಿ ಎಂದು ಘೋಷಿಸಲಾಗಿದ್ದು, ಅದರ ಬಹುಪಾಲು ಸರ್ಕಾರದ ಹೊರಗಿನಿಂದ ಬರಬೇಕಾಗಿದೆ. ಉದ್ಯಮಗಳು ತಮಗೆ ಲಾಭ ತರುವ ವಿಷಯಗಳಿಗೆ ಕೊಡುತ್ತವೆ. ಆತ್ಮಹತ್ಯೆ ತಡೆಯಲ್ಲಿ ಮಾರಲು ಬರುವ ವಸ್ತು ಯಾವುದೂ ಇಲ್ಲ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಯ) ಹಣ ಸಹಾಯವಾಣಿಗೆ, ಜಾಗೃತಿ ಜಾಥಾಕ್ಕೆ ಸಿಗಬಹುದು, ಹತ್ತು ವರ್ಷದ ದಾಖಲಾತಿಗೆ ಸಿಗುವುದು ಕಷ್ಟ. ಆದ್ದರಿಂದ ಇದು ಸರ್ಕಾರವೇ ಹೊರಬೇಕಾದ ಹೊಣೆ, ಅದರಲ್ಲೂ ರಾಜ್ಯ ಸರ್ಕಾರ ಹೊರಬೇಕಾದ ಹೊಣೆ, ಏಕೆಂದರೆ ಆಸ್ಪತ್ರೆ, ಪೊಲೀಸ್, ಕೃಷಿ, ಅಬಕಾರಿ ನಾಲ್ಕೂ ರಾಜ್ಯದ ಕೈಯಲ್ಲಿವೆ. ರೈತರ ಆತ್ಮಹತ್ಯೆಯಾದ ಕುಟುಂಬಕ್ಕೆ ಕರ್ನಾಟಕ 5 ಲಕ್ಷ ರೂಪಾಯಿ ಪರಿಹಾರ ಕೊಡುತ್ತದೆ. ಅದು ಕೊಡಲೇಬೇಕಾದ ಹಣ. ಸಾವಿಗೆ ಮುಂಚೆ ಖರ್ಚಾಗುವ ಹಣವೂ ಅಷ್ಟೇ ಖಚಿತವಾಗಿ ಬಜೆಟ್‌ನಲ್ಲಿ ಇರಬೇಕು.

ರಾಜ್ಯ ಬಜೆಟ್‌ಗೆ ಮುಂಚೆ ಆರೋಗ್ಯ ಇಲಾಖೆಗೆ ನಾವು ಕೆಲವರು ಸೇರಿ ಕಳುಹಿಸುವ ಮನವಿಯನ್ನು ಈಗ ಸಿದ್ಧಪಡಿಸುತ್ತಿದ್ದೇವೆ. ಅದರಲ್ಲಿ ನಾವು ಹೊಸ ಕಟ್ಟಡವನ್ನಾಗಲಿ ಹೊಸ ಸಂಸ್ಥೆಯನ್ನಾಗಲಿ ಕೇಳುತ್ತಿಲ್ಲ. ಮೊದಲ ಹಂತದಲ್ಲಿ ನಾಲ್ಕು ಜಿಲ್ಲೆಗಳ ಎಲ್ಲ ತಾಲ್ಲೂಕು ಆಸ್ಪತ್ರೆಗಳಲ್ಲಿ, ಆತ್ಮಹತ್ಯೆಗೆ ಯತ್ನಿಸಿ ಬಂದವರನ್ನು ಪೊಲೀಸ್ ದಾಖಲೆಯಿಂದ ಪ್ರತ್ಯೇಕವಾಗಿ, ಗೋಪ್ಯವಾಗಿ ದಾಖಲಿಸಿಕೊಂಡು, ಬಿಡುಗಡೆಯ ನಂತರ ಆ ಒಂಬತ್ತು ಸಲ ವಿಚಾರಿಸಿಕೊಳ್ಳುವುದಕ್ಕೆ ತಲಾ ಒಬ್ಬ ಸಮಾಜ ಕಾರ್ಯಕರ್ತೆಯ ಕಾಯಂ ಹುದ್ದೆ. ಆ ದಾಖಲೆಗಳ ಮೇಲೆ ಸಂಶೋಧನೆ ನಡೆಸಲು ಹತ್ತು ವರ್ಷದ, ಮೂರನೆಯ ಮತ್ತು ಆರನೆಯ ವರ್ಷದಲ್ಲಿ ಪರಿಶೀಲನೆಗೆ ಒಳಪಡುವ ಒಂದು ಅನುದಾನ. ಆ ಅನುದಾನವನ್ನು ಹಂಚುವ ಸಮಿತಿಯಲ್ಲಿ ಮನೆಯವರನ್ನು ಕಳೆದುಕೊಂಡವರಿಗೆ ಮತ್ತು ಯತ್ನದಿಂದ ಬದುಕಿ ಬಂದವರಿಗೆ ಮತದಾನದ ಹಕ್ಕಿರುವ ಸ್ಥಾನ. ವೈದ್ಯರು, ಆಶಾ ಕಾರ್ಯಕರ್ತೆಯರು, ಸಮಾಜಕಾರ್ಯದ ಅಧ್ಯಾಪಕರು ಈ ಮನವಿಯ ಕರಡನ್ನು ಓದಿ, ತಮ್ಮ ತಾಲ್ಲೂಕಿನಲ್ಲಿ ಇದು ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂದು ತಿಳಿಸಿದರೆ ಅದನ್ನು ತಿದ್ದಿ ಕಳುಹಿಸುತ್ತೇವೆ.